ಔಷಧ ಕಾಣದ ಎರಡು ಸಾಲು

ವಿರುಪಾಕ್ಷಪ್ಪ ದ್ರಾಕ್ಷಿ ಚಪ್ಪರದ ಮೇಲಿಂದ ಬಿದ್ದು ಕಾಲು ಮುರಿದುಕೊಂಡದ್ದು ಎಂಬತ್ತಾರನೆಯ ಇಸವಿಯ ಫೆಬ್ರವರಿಯಲ್ಲಿ, ಕೊಯ್ಲಿಗೆ ಇನ್ನು ಎಂಟೇ ದಿನ ಇರುವಾಗ. ಕಾಗವಾಡದಿಂದ ಶಿರಗುಪ್ಪಿಗೆ ಹೋಗುವ ಹಾದಿಯಲ್ಲಿ ಅವರ ದ್ರಾಕ್ಷಿ ಪಡ. ಸುತ್ತೆಲ್ಲ ಕಬ್ಬು, ನಡುವೆ ನಾಲ್ಕು ಎಕರೆ ಬಳ್ಳಿ. ಅರ್ಧ ಮಾಲನ್ನು ಒಣಗಿಸಿ ಮಣೂಕ ಮಾಡುತ್ತಿದ್ದರು. ಒಂದು ಗಾಡಿಯಷ್ಟು ಹಸಿ ದ್ರಾಕ್ಷಿಯನ್ನು ಮಾತ್ರ ವಿರುಪಾಕ್ಷಪ್ಪ ತಾನೇ ಗೋವೆಯ ಮಾಪ್ಸಾ ಪೇಟೆಗೆ ಒಯ್ದು ಬರುತ್ತಿದ್ದ. ಈಗ ತೊಡೆಯವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಪಡಸಾಲೆಯಲ್ಲಿ ಬಿದ್ದವನಿಗೆ ಹೆಂಡತಿ ಗಿರಿಜವ್ವ, "ನಾ ಹೋಗಿ ಬರ್ತೀನಿ, ಶ್ರೀಪಾಲಣ್ಣ ಇರ್ತಾನಲ್ಲ" ಅಂದಾಗ ಮೊದಲು ನಗು ಬಂತು. ಬೇರೆ ಯಾರಿದ್ದಾರೆ ಎಂದು ಯೋಚಿಸಿದ ಮೇಲೆ ನಗು ನಿಂತಿತು.

ಶ್ರೀಪಾಲ ಸದಲಗಾದವನು, ಸ್ವಂತ ಮೆಟಾಡೋರ್ ಓಡಿಸುವವನು, ವಿರುಪಾಕ್ಷಪ್ಪನ ಜೊತೆಗೆ ಶಾಲೆ ಕಲಿತವನು, ಗಿರಿಜವ್ವನನ್ನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುವವನು. ಅವನ ಮೇಲೆ ನಂಬಿಕೆ ಇತ್ತು. ಹಾಗೆ ಗಿರಿಜವ್ವ ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ ಮೊದಲ ಸಲ ಘಟ್ಟ ಇಳಿದಳು.

ಗಿರಿಜವ್ವನಿಗೆ ಮೂಗು ಚುರುಕು. ಬೆಳಿಗ್ಗೆ ಕಾಸಿದ ಹಾಲು ಸಂಜೆಗೆ ಒಡೆಯುತ್ತದೆಂದು ಅವಳು ಬೆಳಿಗ್ಗೆಯೇ ಹೇಳುತ್ತಿದ್ದಳು. ಜೋಳದ ಹಗೇವಿನ ಬಾಯಿಗೆ ಬಗ್ಗಿ, ಹುಳ ಬಿದ್ದಿದೆಯೋ ಇಲ್ಲವೋ ಎಂದು ತಿಳಿಸುತ್ತಿದ್ದಳು. ಮನೆಯವರು ಇದನ್ನೊಂದು ಗುಣವೆಂದು ಎಣಿಸಿರಲಿಲ್ಲ, ತಮಾಷೆ ಮಾಡುತ್ತಿದ್ದರು ಅಷ್ಟೇ. ಆ ದಿನ ಮೆಟಾಡೋರಿನಲ್ಲಿ ಕೂತವಳಿಗೆ ಚಿಕ್ಕೋಡಿಯ ಆಲೆಮನೆಗಳ ಹೊಗೆ, ನಿಪ್ಪಾಣಿಯ ತಂಬಾಕಿನ ಘಾಟು, ಅಂಬೋಲಿಯ ಒದ್ದೆ ಕಾಡು ಒಂದಾದ ಮೇಲೊಂದು ಮೂಗಿಗೆ ಬಡಿದು, ಸಾವಂತವಾಡಿ ದಾಟುವಾಗ ಅವಳಿಗೆ ಹೆಸರು ಗೊತ್ತಿಲ್ಲದ್ದೊಂದು ವಾಸನೆ ಬಂತು. "ಏನಣ್ಣಾ ಇದು?" ಎಂದಳು. ಶ್ರೀಪಾಲ ಗಾಳಿಯನ್ನು ಎಳೆದು ನೋಡಿ, "ನನಗೇನೂ ಬರವಲ್ದು ವೈನಿ. ಸಮುದ್ರ ಇರಬೇಕು, ಇನ್ನ ಭಾಳ ದೂರ ಐತಿ" ಎಂದ.

ಮಾಪ್ಸಾದ ದಲಾಲ ಹಸಿರು ದ್ರಾಕ್ಷಿಯನ್ನೆಲ್ಲ ಇಳಿಸಿಕೊಂಡ. ಎಂಟು ಪೆಟ್ಟಿಗೆ ಕರಿ ದ್ರಾಕ್ಷಿಯನ್ನು ಮಾತ್ರ ಕಾಲಿನಿಂದ ಬದಿಗೆ ಸರಿಸಿದ. ಅವು ಬಾವಿಯ ಪಕ್ಕದ ಎರಡು ಸಾಲಿನವು. ಸತ್ತುಹೋದ ಮಾವ ಜಕ್ಕಪ್ಪ ಯಾವಾಗಲೋ ನೆಟ್ಟ ಬಳ್ಳಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಳಗೆ ಬೀಜ. ಮನೆ ಮಕ್ಕಳು, ಗಿಳಿಗಳು ತಿಂದು ಉಳಿದದ್ದನ್ನು ಗಾಡಿಯಲ್ಲಿ ಜಾಗ ಇದೆಯಲ್ಲ ಎಂದು ಗಿರಿಜವ್ವ ತುಂಬಿಸಿದ್ದಳು. ಇವನ್ನು ಮತ್ತೆ ಘಟ್ಟ ಹತ್ತಿಸುವುದೋ ದನಕ್ಕೆ ಹಾಕುವುದೋ ಎಂದು ನಿಂತಿದ್ದಾಗ ಒಬ್ಬ ಮುದುಕ ಬಂದ. ಮೊಣಕಾಲಿನವರೆಗೆ ಚಡ್ಡಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಶಿಲುಬೆ. ಒಂದು ಹಣ್ಣು ಕಿತ್ತು, ಅದರ ಮೇಲಿನ ಬಿಳಿ ಮಸುಕನ್ನು ಒರೆಸದೆ ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿ, ಬೀಜವನ್ನೂ ಕಟಕಟ ಅಗಿದ.

ಅರ್ಧ ಕೊಂಕಣಿ ಅರ್ಧ ಮರಾಠಿಯಲ್ಲಿ ಕೇಳಿದ: "ಬಾಯೇ, ಇದಕ್ಕೆ ಔಷಧ ಹೊಡೆದಿದ್ದೀರಾ?"

ಗಡಿ ಊರಿನವಳಿಗೆ ಮರಾಠಿಯೇನೂ ಹೊಸದಲ್ಲ. "ಇವಕ್ಕ ಯಾರ ಔಷಧ ದಂಡ ಮಾಡ್ತಾರ್ರಿ ಕಾಕಾ? ನೀರೊಂದ ಬಿಡ್ತೀವಿ" ಎಂದಳು.

ಮುದುಕ ಎಂಟೂ ಪೆಟ್ಟಿಗೆಗಳನ್ನು ತೆಗೆದುಕೊಂಡ. ಮನೆಗೆ ಮುಟ್ಟಿಸಿಕೊಡಿ ಎಂದ. ಅವನ ಹೆಸರು ಪಾಸ್ಕು. ಊರು ಖಾರೆವಾಡೆ ಎಂಬ ಇಪ್ಪತ್ತು ಮನೆಗಳ ಹಳ್ಳಿ. ಕೆಂಪು ಮುರಕಲ್ಲಿನ ಮನೆ, ಹಿಂದೆ ಹತ್ತು ತೆಂಗಿನ ಮರ, ಮರಗಳ ಹಿಂದೆ ಸಮುದ್ರ. ಗಿರಿಜವ್ವ ಸಮುದ್ರವನ್ನು ನೋಡುತ್ತ ಎಷ್ಟು ಹೊತ್ತು ನಿಂತಳೋ, ತುಟಿ ನೆಕ್ಕಿದರೆ ಉಪ್ಪು. ಪಾಸ್ಕುವಿನ ತಂಗಿ ಎಸ್ಪೆರಾನ್ಸ ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದ ಮುದುಕಿ. ಅವಳು ಬಂದು ಕೈ ಹಿಡಿದು ಒಳಗೆ ಕರೆದೊಯ್ದಳು.

ಹಿಂದಿನ ಕೋಣೆಯಲ್ಲಿ ಸೊಂಟದೆತ್ತರದ ಆರು ಚೀನಿ ಮಣ್ಣಿನ ಭರಣಿಗಳಿದ್ದವು. ಸಮುದ್ರದ ಕಡೆಗೊಂದು ಕಿಟಕಿ, ಅದಕ್ಕೆ ಬಾಗಿಲೇ ಇಲ್ಲ. ಹಣ್ಣನ್ನು ತೊಳೆಯದೆ ಕೈಯಿಂದ ಹಿಸುಕಿ ಭರಣಿಗೆ ಹಾಕುವುದು, ಬಟ್ಟೆ ಕಟ್ಟುವುದು, ದಿನಕ್ಕೆರಡು ಸಲ ಮೇಲೆದ್ದ ಸಿಪ್ಪೆಯನ್ನು ಮರದ ಕೋಲಿನಿಂದ ಕೆಳಗೊತ್ತುವುದು. ಎರಡನೆಯ ದಿನವೋ ಮೂರನೆಯ ದಿನವೋ ಅದು ತಾನಾಗಿ ಗುಸುಗುಸು ಎನ್ನತೊಡಗುತ್ತದಂತೆ. ಆಮೇಲೆ ಸೋಸಿ ತಿಂಗಳುಗಟ್ಟಲೆ ಬಿಡುವುದು.

"ಸಕ್ಕರಿ?" ಎಂದು ಕೇಳಿದಳು ಗಿರಿಜವ್ವ.

"ಹಾಕುವುದಿಲ್ಲ."

"ಹೆಪ್ಪಿಗೇನರ?"

"ಅದು ಸಿಪ್ಪೆಯ ಮೇಲಿನ ಮಸುಕಿನಲ್ಲೇ ಇದೆ. ಔಷಧ ಹೊಡೆದರೆ ಸಾಯುತ್ತದೆ."

"ಮತ್ತ ನೀವು ಮಾಡೂದೇನ್ರಿ ಹಂಗಾರ?"

ಪಾಸ್ಕು ನಕ್ಕ. "ಕೆಡಿಸದೆ ಇರುವುದು. ಅದು ಕಡಿಮೆ ಕೆಲಸವೇನಲ್ಲ."

ಹಿಂದಿನ ವರ್ಷದ ಭರಣಿಯ ಬಟ್ಟೆಯನ್ನು ಎಸ್ಪೆರಾನ್ಸ ಸರಿಸಿದಾಗ ಗಿರಿಜವ್ವ ಬಗ್ಗಿ ಮೂಸಿ ನೋಡಿದಳು. ಸೆರೆಯ ವಾಸನೆ ಅವಳಿಗೆ ಗೊತ್ತಿತ್ತು, ಅಥಣಿ ಸಂತೆಯಲ್ಲಿ ಕುಡಿದು ಬಿದ್ದವರನ್ನು ದಾಟಿಯೇ ನಡೆದವಳು. ಇದು ಅದಲ್ಲ. ನೇರಳೆ, ಒದ್ದೆ ಕಲ್ಲು, ಅದರ ಹಿಂದೆಲ್ಲೋ ಈಗ ಗಾಳಿಯಲ್ಲಿದ್ದ ಉಪ್ಪು. ಆ ದಿನ ಅವಳು ಕುಡಿಯಲಿಲ್ಲ. ಕೊರಳಲ್ಲಿ ಲಿಂಗ ಇದ್ದವಳನ್ನು ಅವರೂ ಒತ್ತಾಯ ಮಾಡಲಿಲ್ಲ. ಎಳನೀರು ಕೊಟ್ಟು ಕಳಿಸಿದರು.

ಮರುವರ್ಷ ವಿರುಪಾಕ್ಷಪ್ಪನ ಕಾಲು ಕೂಡಿತ್ತು, ಆದರೆ ಕುಂಟು ಉಳಿಯಿತು. ಗಾಡಿಯ ಕುಲುಕಾಟ ತಡೆಯುವುದಿಲ್ಲವೆಂದು ಅವನೇ ಅವಳನ್ನು ಕಳಿಸಿದ. ಈ ಸಲ ಹದಿನಾಲ್ಕು ಪೆಟ್ಟಿಗೆ ಕರಿ ದ್ರಾಕ್ಷಿ. ಎಸ್ಪೆರಾನ್ಸ ಒಂದು ಚಮಚದಲ್ಲಿ, ಮಕ್ಕಳಿಗೆ ಔಷಧ ಕುಡಿಸುವ ಹಾಗೆ, ಕಳೆದ ಸಲದ ಹಣ್ಣಿನದನ್ನು ಮುಂದೆ ಹಿಡಿದಳು. "ನಿನ್ನದೇ" ಎಂದಳು. ಗಿರಿಜವ್ವ ಬಾಯಿ ತೆರೆದಳು.

ಅದು ಏನೆಂದು ಅವಳಿಗೆ ಕೊನೆಗೂ ಯಾರಿಗೂ ಹೇಳಲು ಆಗಲಿಲ್ಲ. ಬಾವಿಯ ಪಕ್ಕದ ಆ ಕರಿಮಣ್ಣು, ಕಾಲುವೆಯಲ್ಲಿ ನೀರು ಬಿಟ್ಟಾಗ ಏಳುವ ಆವಿ, ಮಾವ ಜಕ್ಕಪ್ಪ ಬಿಸಿಲಲ್ಲಿ ಕೂತು ಬಳ್ಳಿ ಕಟ್ಟುತ್ತಿದ್ದದ್ದು ಎಲ್ಲ ನಾಲಿಗೆಯ ಮೇಲೆ ಬಂದು ನಿಂತು, ನಿಧಾನವಾಗಿ ಹೋದವು. ಹದಿನೈದು ವರ್ಷ ಈ ಹಣ್ಣನ್ನು ಕೊಯ್ದಿದ್ದಾಳೆ, ತಕ್ಕಡಿಗೆ ಹಾಕಿದ್ದಾಳೆ. ಅದರೊಳಗೆ ಇಷ್ಟಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಹೋಗಿ ತೆಂಗಿನ ಮರಕ್ಕೊರಗಿ ನಿಂತಳು. ಶ್ರೀಪಾಲ ಗಾಬರಿಯಾಗಿ, "ತಲಿ ತಿರಗಾಕತ್ತೇತೇನ್ರಿ ವೈನಿ?" ಎಂದ. ಅವಳು ಇಲ್ಲವೆಂದು ಕೈ ಆಡಿಸಿದಳು.

ಪಾಸ್ಕುವಿಗೆ ಅವಳ ಮೂಗಿನ ಗುಣ ತಿಳಿದದ್ದು ಆ ವರ್ಷವೇ. ಭರಣಿಗಳನ್ನು ಮೂಸಿ, ಇದು ಬಾವಿಗೆ ಹತ್ತಿದ ಸಾಲಿನದು, ಇದು ಬೇಲಿಯ ಕಡೆಯ ಸಾಲಿನದು ಎಂದು ಅವಳು ಬೇರೆ ಮಾಡಿದಳು. ಕೊಯ್ಲಿನವರು ಪೆಟ್ಟಿಗೆಗಳ ಮೇಲೆ ಹಾಕಿದ್ದ ಸಾಲಿನ ಗುರುತನ್ನೇ ಮುದುಕ ಭರಣಿಗಳಿಗೂ ಇಟ್ಟಿದ್ದ, ಅದನ್ನು ನೋಡಿದ. ಸರಿಯಾಗಿತ್ತು. "ನಮ್ಮಪ್ಪನಿಗೆ ಇಂಥ ಮೂಗಿತ್ತು. ನನಗೆ ಅರ್ಧ ಬಂತು, ಅದೂ ಈಗ ಹೋಗುತ್ತಿದೆ" ಎಂದು ಅವಳನ್ನು ಊರೊಳಗೆ ಕರೆದೊಯ್ದ. ಮೀನುಗಾರನ ವಿಧವೆ ಕಾತರಿನ್ ಅಡುಗೆಮನೆಯ ಮೂಲೆಯಲ್ಲಿ ಎರಡು ಭರಣಿ ಇಟ್ಟಿದ್ದಳು. ಪ್ರಾರ್ಥನಾ ಮಂದಿರದ ಗಂಟೆ ಬಾರಿಸುವವನು ಒಂದು. ದೋಣಿ ಮಾಡುವ ಬಡಗಿ ಮೂರು, ಅವನದರಲ್ಲಿ ಯಾವಾಗಲೂ ಮರದ ಹೊಟ್ಟಿನ ವಾಸನೆ. ಯಾರದೂ ಅಂಗಡಿಯ ಮುಖ ಕಂಡದ್ದಲ್ಲ. ಹಬ್ಬಕ್ಕೆ, ಮದುವೆಗೆ, ಪೂಜೆಗೆ. ಪ್ರತಿಯೊಬ್ಬರೂ ಗಿರಿಜವ್ವನ ಮುಂದೆ ಭರಣಿ ತೆರೆದು ಅವಳ ಮುಖ ನೋಡುತ್ತ ನಿಂತರು. ತನ್ನ ಮುಖವನ್ನು ಯಾರಾದರೂ ಹಾಗೆ ಕಾದು ನೋಡಿದ್ದು ಅವಳಿಗೆ ನೆನಪಿರಲಿಲ್ಲ.

ಊರಿಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳಿದ್ದು ಒಂದೇ: "ನೀ ಕುಡದಿ?"

"ಒಂದ ಚಮಚ."

ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಊಟಕ್ಕೆ ಕೂತಾಗ ತಾಟನ್ನೇ ನೋಡುತ್ತ, "ಹೆಂಗಿತ್ತ?" ಎಂದ. ಅವಳು ರೊಟ್ಟಿ ಹಾಕುತ್ತ, "ನಮ್ಮ ಹೊಲ ಇದ್ದಂಗ ಇತ್ತರಿ" ಎಂದಳು. ವಿರುಪಾಕ್ಷಪ್ಪ ಮತ್ತೆ ಕೇಳಲಿಲ್ಲ. ಆದರೆ ಆ ಎರಡು ಸಾಲು ಕಿತ್ತು ಬೀಜವಿಲ್ಲದ ತಳಿ ಹಚ್ಚುವ ಮಾತನ್ನೂ ಮತ್ತೆ ಎತ್ತಲಿಲ್ಲ.

ಎಂಬತ್ತೆಂಟರ ಅಕ್ಟೋಬರಿನಲ್ಲಿ ಪಾಸ್ಕು ತಾನೇ ಕಾಗವಾಡಕ್ಕೆ ಬಂದ. ಬಳ್ಳಿ ನೋಡಬೇಕು ಎಂದ. ಚಾಟ್ನಿ ನಡೆದಿತ್ತು, ಆಳುಗಳು ಬಳ್ಳಿ ಕತ್ತರಿಸುತ್ತಿದ್ದರು. ಚಡ್ಡಿಯ ಮುದುಕ ಎರಡು ಸಾಲಿನ ನಡುವೆ ಬಗ್ಗಿ ಮಣ್ಣು ಎತ್ತಿ ಮೂಸುವುದನ್ನು ನೋಡಿ ನಕ್ಕರು. ಒಂದು ಸಣ್ಣ ಭರಣಿಯನ್ನು ಅವನು ಇಲ್ಲೇ ಬಿಟ್ಟು ಹೋದ, ಕೊಯ್ಲಾದಾಗ ಗಿರಿಜವ್ವ ಮಾಡಿ ನೋಡಲೆಂದು. ಅವಳು ಮಾಡಿದಳು ಕೂಡ. ಆದರೆ ಕಾಗವಾಡದ ಒಣ ಬಿಸಿಲಿಗೆ ಅದು ಧಡಧಡ ಕುದಿದು ವಾರದಲ್ಲೇ ಹುಳಿಯಾಗಿ ಹೋಯಿತು. ಆ ಹಣ್ಣಿಗೆ ಕಡಲ ಗಾಳಿಯ ತಂಪೂ ತೇವವೂ ಬೇಕಿತ್ತು. ಆ ಅಕ್ಟೋಬರಿನಲ್ಲಿ ಹೊರಡುವಾಗ ಪಾಸ್ಕು ವಿರುಪಾಕ್ಷಪ್ಪನ ಕೈ ಹಿಡಿದು, "ಇದಕ್ಕೆ ಮಾತ್ರ ಏನೂ ಹೊಡೆಯಬೇಡ" ಎಂದ. ವಿರುಪಾಕ್ಷಪ್ಪ, "ಇಲ್ರಿ ಕಾಕಾ. ಮಾತ ಕೊಟ್ಟೆ" ಎಂದ.

ಎರಡು ವರ್ಷ ಮಾತು ನಡೆಯಿತು.

ತೊಂಬತ್ತೊಂದರ ಜನವರಿಯಲ್ಲಿ ಯಡೂರಿನಿಂದ ಸುದ್ದಿ ಬಂತು, ಗಿರಿಜವ್ವನ ತಾಯಿ ಹಾಸಿಗೆ ಹಿಡಿದಿದ್ದಾಳೆಂದು. ಅವಳು ಹೋದಳು. ತಾಯಿ ಹದಿನೆಂಟು ದಿನ ಮಾತಿಲ್ಲದೆ ಮಲಗಿ, ಹತ್ತೊಂಬತ್ತನೆಯ ದಿನ ಹೋದಳು. ಅದೇ ದಿನಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತು. ಕಾರ್ಯಗಳನ್ನು ಮುಗಿಸಿ ಗಿರಿಜವ್ವ ಕಾಗವಾಡಕ್ಕೆ ಬಂದಾಗ ಫೆಬ್ರವರಿ ಅರ್ಧ ಕಳೆದಿತ್ತು. ದಾರಿಯ ಎರಡೂ ಕಡೆ ಪಡಗಳಲ್ಲಿ ಎಲೆ ಸುಟ್ಟಂತಾಗಿ, ಗೊಂಚಲುಗಳು ಕಂದಾಗಿ ಕೊಳೆತು ಜೋತಿದ್ದವು. ದಾವಣಿ ರೋಗ. ತಮ್ಮ ಪಡ ಮಾತ್ರ ಬಹುಪಾಲು ಉಳಿದಿತ್ತು.

ಅವಳು ಕಾಲು ತೊಳೆಯುವ ಮೊದಲೇ ಬಾವಿಯ ಕಡೆ ಹೋದಳು. ಕರಿ ಗೊಂಚಲುಗಳು ತುಂಬಿಕೊಂಡು ನಿಂತಿದ್ದವು. ಒಂದನ್ನು ಮೂಗಿಗೆ ಹಿಡಿದಳು. ಹಣ್ಣಿನ ಕೆಳಗೆ, ತೀರಾ ಕೆಳಗೆ, ಕಬ್ಬಿಣದ ಕೊಡದಲ್ಲಿ ನೀರು ನಿಂತಂಥ ಒಂದು ವಾಸನೆ.

"ಇವಕ್ಕೂ ಹೊಡದೀರೇನ್ರಿ?" ಎಂದು ಗಂಡನನ್ನು ಕೇಳಿದಳು.

ವಿರುಪಾಕ್ಷಪ್ಪ ಪಂಪಿನ ಪೈಪು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. "ಇಲ್ಲ. ಬಾಜೂ ಸಾಲಿಗೆ ಹೊಡದದ್ದು ಗಾಳಿಗೆ ಸ್ವಲ್ಪ ಬಂದಿರಬೇಕು."

ಅವಳಿಗೆ ತಿಳಿಯಿತು. ತಾಯಿಯನ್ನು ಮಣ್ಣು ಮಾಡಿ ಬಂದ ಆಯಾಸದಲ್ಲಿ, ಗಂಡನ ಮಾತನ್ನು ಸುಳ್ಳೆನ್ನುವ ಶಕ್ತಿ ಅವಳಲ್ಲಿರಲಿಲ್ಲ. ಇಷ್ಟು ದಿನ ರೋಗಿಯ ಕೋಣೆಯಲ್ಲಿ ಕೂತ ಮೂಗು, ತಪ್ಪಿರಬಹುದು ಎಂದುಕೊಂಡಳು. ಗಾಳಿಯೇ ತಂದಿರಬಹುದು. ಅದಲ್ಲದೆ ಪಾಸ್ಕು ಕಾಗದ ಬರೆಸಿದ್ದ. ಬರುವ ಡಿಸೆಂಬರಿಗೆ ಅವರ ಊರಿನ ಪ್ರಾರ್ಥನಾ ಮಂದಿರಕ್ಕೆ ನೂರು ವರ್ಷ. ಊರಿನಲ್ಲಿ ಭರಣಿ ಇಡುವ ನಾಲ್ಕೂ ಮನೆಯವರು ಈ ಸಲ ಅವಳ ಹಣ್ಣಿನಿಂದಲೇ ಮಾಡುತ್ತಾರೆ, ಒಂದು ಗೊಂಚಲನ್ನೂ ಬೇರೆಯವರಿಗೆ ಕೊಡಬೇಡ ಎಂದು.

ಖಾರೆವಾಡೆಯಲ್ಲಿ ಅವಳನ್ನು ಇರಿಸಿಕೊಂಡರು. "ಪ್ರತಿ ವರ್ಷ ಹಣ್ಣು ಕೊಟ್ಟು ಓಡುತ್ತೀ. ಅದು ಮಾತಾಡುವುದನ್ನು ಒಮ್ಮೆ ಕೇಳಿ ಹೋಗು" ಎಂದ ಪಾಸ್ಕು. ಶ್ರೀಪಾಲ ಬೇರೆ ಬಾಡಿಗೆಗೆಂದು ಸಾವಂತವಾಡಿಗೆ ಹೋದ. ಐದು ದಿನಕ್ಕೆ ಬರುತ್ತೇನೆಂದ. ಎಲ್ಲರೂ ಕೂತು ಹಣ್ಣು ಹಿಸುಕಿದರು. ಕಾತರಿನ್ ಹಾಡಿದಳು, ಬಡಗಿ ತಾಳ ಹಾಕಿದ. ಪಾಸ್ಕು ಮೊದಲ ಪೆಟ್ಟಿಗೆಯಿಂದ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡವನು ಬೀಜ ಅಗಿಯಲಿಲ್ಲ. ಅದನ್ನು ಅಂಗೈಗೆ ಉಗಿದು, ಎಲ್ಲರ ಜೊತೆ ಕೈ ಹಾಕಿದ. ಗಿರಿಜವ್ವ ಅದನ್ನು ನೋಡಿದಳು.

ಎರಡನೆಯ ದಿನ ಭರಣಿಗಳು ಸುಮ್ಮನಿದ್ದವು. ಮೂರನೆಯ ದಿನವೂ. ಪಾಸ್ಕು ಒಂದೊಂದಕ್ಕೂ ಕಿವಿ ಹಚ್ಚಿ ಕೂತ. ತಂಪು ಹೆಚ್ಚಿರಬೇಕೆಂದು ಗೋಣಿಚೀಲ ಸುತ್ತಿದರು. ಸಂಜೆಗೆ ಸೆಕೆಯಾಯಿತೆಂದು ಬಿಚ್ಚಿದರು. ನಾಲ್ಕನೆಯ ದಿನ ಕಾತರಿನ್ ಬಂದು, ರೊಟ್ಟಿ ಸುಡುವವನ ಹತ್ತಿರ ಹಿಟ್ಟು ಉಬ್ಬಿಸುವ ತಾಜಾ ಕಳ್ಳು ಇದೆ, ಒಂದು ಲೋಟ ಸುರಿದರೆ ಏಳುತ್ತದೆ ಎಂದಳು. ತನ್ನದಕ್ಕೆ ಸುರಿದೇ ಬಂದಿದ್ದಳು. ಪಾಸ್ಕು ಬೇಡವೆಂದು ತಲೆಯಾಡಿಸಿದ. "ನಿನ್ನದಕ್ಕೆ ಸುರಿದೆ. ತಪ್ಪಿಲ್ಲ. ನನಗೆ ಬರುವುದು ಇಷ್ಟೇ" ಎಂದ. ಬಡಗಿಯೂ ಸುರಿದ. ಅವರ ಭರಣಿಗಳಲ್ಲಿ ಒಂದಿಷ್ಟು ನೊರೆ ಎದ್ದು ಕುಸಿಯಿತು, ಕೆಟ್ಟ ಹುಳಿಯ ವಾಸನೆ ಓಣಿಯಲ್ಲಿ ಹಬ್ಬಿತು. ಆ ವಾಸನೆಯ ನಡುವೆ ಅತ್ತಿತ್ತ ನಡೆದಾಡುವುದು ಬಿಟ್ಟು ಗಿರಿಜವ್ವನಿಗೆ ಬೇರೆ ಕೆಲಸವಿರಲಿಲ್ಲ. ಯಾರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಮೊದಲಿನಂತೆಯೇ ಮೀನು ಮುಟ್ಟದ ಪಾತ್ರೆಯಲ್ಲಿ ಬೇರೆ ಅನ್ನ ಮಾಡಿ ಬಡಿಸಿದರು.

ಐದನೆಯ ದಿನ ಬೆಳಿಗ್ಗೆ ಬಟ್ಟೆ ಸರಿಸಿದರೆ ಸಿಪ್ಪೆಗಳ ಮೇಲೆ ಬೂದು ಬಣ್ಣದ ತುಪ್ಪಳದಂಥ ಬೂಷ್ಟು. ಪಾಸ್ಕು ಬಟ್ಟೆಯನ್ನು ಮಡಚಿ ಕಿಟಕಿಯ ಮೇಲಿಟ್ಟ. ಆರೂ ಭರಣಿಗಳನ್ನು ಹೊರಗೆ ಎಳೆದುಕೊಂಡು ಹೋಗಿ ಮರಳಿಗೆ ಸುರಿದರು. ಮರಳು ಕಪ್ಪಾಗಿ, ಎರಡು ಗಳಿಗೆಗೆ ಮತ್ತೆ ಬೆಳ್ಳಗಾಯಿತು.

ಗಿರಿಜವ್ವ ಎಸ್ಪೆರಾನ್ಸಳನ್ನು ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದಳು. "ಬಾಯೀ, ಔಷಧ ಹೊಡದಾರ. ನನಗ ವಾಸನಿ ಬಂದಿತ್ತು. ಗೊತ್ತಿದ್ದೂ ತಂದೆ" ಎಂದು ಅತ್ತುಬಿಟ್ಟಳು.

ಎಸ್ಪೆರಾನ್ಸ ಭರಣಿ ಉಜ್ಜುವ ತೆಂಗಿನ ನಾರನ್ನು ಕೆಳಗಿಟ್ಟಳು. "ಅವನಿಗೆ ಮೊದಲ ದಿನವೇ ಗೊತ್ತಾಯಿತು. ಅಷ್ಟು ದೂರದಿಂದ ತಾಯಿ ಸತ್ತ ದುಃಖದಲ್ಲಿ ಹೊತ್ತು ತಂದಿದ್ದಾಳೆ, ಏನೆಂದು ಹೇಳಲಿ ಎಂದ. ಒಂದು ವೇಳೆ ಎದ್ದರೂ ಏಳಬಹುದು ಎಂದ."

ಪಾಸ್ಕು ಮಾತ್ರ ಅದರ ಬಗ್ಗೆ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಮೆಟಾಡೋರ್ ಬಂದಾಗ ಎರಡು ತೆಂಗಿನಕಾಯಿ ತಂದು ಅವಳ ಮಡಿಲಿಗೆ ಹಾಕಿ, "ದಾರಿಯಲ್ಲಿ ಜೋಪಾನ" ಎಂದ.

ಊರಿಗೆ ಬಂದವಳು ನೇರ ಪಡಕ್ಕೆ ಹೋದಳು. ವಿರುಪಾಕ್ಷಪ್ಪ ಮಣೂಕದ ಚಪ್ಪರದ ಕೆಳಗೆ ಕೂತಿದ್ದ. ಅವಳ ಮುಖ ನೋಡಿ ಎದ್ದು ನಿಂತ.

"ಎಷ್ಟ ಸಲ ಹೊಡದ್ರಿ?"

"ಎರಡ ಸಲ. ಕಡೀ ಸಲ ನೀ ಬರೂ ಮೂರ ದಿನ ಮೊದಲ."

"ಕೇಳಿದಾಗ ಯಾಕ ಹೇಳಲಿಲ್ರಿ?"

"ನಿಮ್ಮವ್ವನ್ನ ಮಣ್ಣ ಮಾಡಿ ಬಂದಿದ್ದಿ. ಆ ಮಾರಿಗೆ ಹೆಂಗ ಹೇಳ್ಲಿ?" ಅವನ ಧ್ವನಿ ಏರಿತು. "ಬಾವಿ ಕಡೆಯಿಂದ ಹತ್ತಿತ್ತು ರೋಗ. ಮೊದಲ ಆ ಎರಡ ಸಾಲಿಗೆ. ಅಲ್ಲಿಂದ ಇಡೀ ಪಡಕ್ಕ ಹಬ್ಬಾಕ ಒಂದ ದಿನ ಸಾಕಿತ್ತು. ಬಾಜೂ ಮಾಯಪ್ಪನ ಪಡದಾಗ ಒಂದ ಗೊಂಚಲ ಉಳೀಲಿಲ್ಲ, ನೋಡೀ ಇಲ್ಲ? ನಾ ಏನ ಮಾಡಬೇಕಾಗಿತ್ತ? ನೀನ ಹೇಳ. ಹೇಳ, ಏನ ಮಾಡಬೇಕಾಗಿತ್ತ?"

ಅವಳು ಅವನ ಮುಂದೆ ನಿಂತೇ ಇದ್ದಳು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳು. ತಾನಿದ್ದರೆ ಏನು ಮಾಡುತ್ತಿದ್ದೆ? ತಾಯಿಯ ಹಾಸಿಗೆಯ ಪಕ್ಕದಲ್ಲಿ ಹತ್ತೊಂಬತ್ತು ದಿನ ಕೂತು ತಾನು ಮಾಡಿದ್ದಾದರೂ ಏನು? ತುಟಿಗೆ ನೀರು ಹಚ್ಚಿದ್ದು. ಅವಳು ಚಪ್ಪರದ ಕಲ್ಲಿಗೆ ಆನಿಕೊಂಡು ಕೂತಳು. ಅವನೂ ಸ್ವಲ್ಪ ದೂರದಲ್ಲಿ ಕುಂಟುಗಾಲನ್ನು ನೀಡಿಕೊಂಡು ಕೂತ.

ಮುಂದಿನ ವರ್ಷ ಬೇರೆ ಸಾಲುಗಳಿಗೆ ಔಷಧ ಹೊಡೆಯುವಾಗಲೆಲ್ಲ ವಿರುಪಾಕ್ಷಪ್ಪ ಬಾವಿಯ ಎರಡು ಸಾಲಿಗೆ ತಾಡಪಾಲು ಹೊದಿಸಿದ. ಆಳುಗಳ ಮೇಲೆ ಬಿಡದೆ ತಾನೇ ಹತ್ತಿ ಹೊದಿಸಿ, ತಾನೇ ತೆಗೆದ. ರೋಗದಿಂದ ಸೊರಗಿದ ಬಳ್ಳಿ ಐದೇ ಪೆಟ್ಟಿಗೆ ಹಣ್ಣು ಕೊಟ್ಟಿತು. ಗಿರಿಜವ್ವ ಮೂಸಿ ನೋಡಿದಳು. ಹಣ್ಣಿನ ಹೊರತು ಬೇರೆ ಏನೂ ಇರಲಿಲ್ಲ. "ನಾನೂ ಬರ್ತೀನಿ" ಎಂದ ಗಂಡ. "ಮಾತ ಕೊಟ್ಟಾವ ನಾನು. ನಾನ ಹೋಗಿ ತಪ್ಪ ಆತು ಅನ್ನಬೇಕು."

ಖಾರೆವಾಡೆಯ ಮನೆಯ ಬಾಗಿಲಲ್ಲಿ ಎಸ್ಪೆರಾನ್ಸ ಅವರನ್ನು ನೋಡಿ ಬದಿಗೆ ಸರಿದಳು. ಪಾಸ್ಕು ಹಿಂದಿನ ಕೋಣೆಯಲ್ಲಿ, ಭರಣಿಗಳ ಎದುರಿಗೆ ಮಂಚದ ಮೇಲಿದ್ದ. ಕ್ರಿಸ್‌ಮಸ್ಸಿನ ಮುಂಚೆಯೇ ಪಾರ್ಶ್ವವಾಯು ಹೊಡೆದಿತ್ತು. ಬಲಗಡೆಯೆಲ್ಲ ಬಿದ್ದುಹೋಗಿ, ಬಾಯಿ ಒಂದು ಕಡೆ ಎಳೆದಿತ್ತು. ಮಾತು ಹೋಗಿತ್ತು. ಕಣ್ಣು ಮಾತ್ರ ಹಾಗೆಯೇ ಇದ್ದವು.

ವಿರುಪಾಕ್ಷಪ್ಪ ಮಂಚದ ಕಾಲ ಹತ್ತಿರ ನಿಂತು ಕೈ ಮುಗಿದ. "ಕಾಕಾ, ತಪ್ಪ ನಂದು. ಆಕೀದಲ್ಲ" ಎಂದ. ಪಾಸ್ಕುವಿನ ಗಂಟಲಿನಿಂದ ಒಂದು ಸ್ವರ ಹೊರಟಿತು. ಬೈಗುಳವೋ, ಇರಲಿ ಬಿಡು ಎಂದೋ, ಬಾ ಕೂತುಕೋ ಎಂದೋ. ವಿರುಪಾಕ್ಷಪ್ಪ ಎಸ್ಪೆರಾನ್ಸಳ ಕಡೆ ನೋಡಿದ. ಅವಳಿಗೂ ತಿಳಿದಿರಲಿಲ್ಲ.

ಹಣ್ಣು ತಂದಾಗಿತ್ತು. ಮಾಡುವವರು ಯಾರು? "ನನಗೆ ಭರಣಿ ತೊಳೆಯುವುದು ಗೊತ್ತು. ಉಳಿದದ್ದು ಅವನು ಯಾರಿಗೂ ಬಿಡುತ್ತಿರಲಿಲ್ಲ" ಎಂದಳು ಎಸ್ಪೆರಾನ್ಸ. ಗಿರಿಜವ್ವನೇ ಸೀರೆ ಸಿಕ್ಕಿಸಿಕೊಂಡು ಕೂತಳು. ವಿರುಪಾಕ್ಷಪ್ಪ ಅಂಗಿಯ ತೋಳು ಮಡಚಿ ಎದುರಿಗೆ ಕೂತು ಹಿಸುಕಿದ. ಲಿಂಗಧಾರಣೆಯಾದ ಮನೆಯ ಮಗ, ಸೆರೆಯ ಅಂಗಡಿ ಇದ್ದ ಓಣಿಯಲ್ಲಿ ನಡೆಯದವನು, ಮೊಣಕೈವರೆಗೆ ಕೆಂಪಾಗಿಸಿಕೊಂಡು ಮಂಚದ ಕಡೆ ಒಮ್ಮೆಯೂ ತಲೆ ಎತ್ತದೆ ಹಿಸುಕಿದ. ಒಂದೇ ಭರಣಿ ತುಂಬಿತು.

ಎರಡನೆಯ ದಿನ ಮಧ್ಯಾಹ್ನ ಭರಣಿ ಗುಸುಗುಸು ಎಂದಿತು. ಗಿರಿಜವ್ವ ಕಿವಿ ಹಚ್ಚಿ ಕೇಳಿದಳು. ದೂರದ ಸಂತೆಯ ಗದ್ದಲದಂತೆ, ಒಲೆಯ ಮೇಲಿನ ಅನ್ನದಂತೆ. ಅವಳು ನಗುತ್ತ ಮಂಚದ ಕಡೆ ತಿರುಗಿದಳು. ಪಾಸ್ಕುವಿನ ಕಣ್ಣಲ್ಲಿ ನೀರಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳು ಕೋಲು ಹಿಡಿದು ಸಿಪ್ಪೆ ಒತ್ತಲು ಹೋದಾಗ ಅವನು ಎಡಗೈ ಎತ್ತಿದ. "ಗಾ... ಗಾ..." ಎಂದ. ಅವಳು ನಿಂತಳು. ಒತ್ತಬಾರದೇ? ಕೋಲು ಕೆಳಗಿಟ್ಟಳು. ಅವನು ತಲೆ ಹೊರಳಿಸಿದ, ಅದಲ್ಲ. ಬಟ್ಟೆ ತೆಗೆಯಬೇಕೇ? ತೆಗೆದಳು. "ಗಾ..." ವಿರುಪಾಕ್ಷಪ್ಪ ಭರಣಿಯನ್ನು ಕಿಟಕಿಯ ಕಡೆಗೆ ಸರಿಸಿದ. ಅದಲ್ಲ. ದೂರ ಸರಿಸಿದ. ಅದಲ್ಲ. ಎಸ್ಪೆರಾನ್ಸ ಕೊಂಕಣಿಯಲ್ಲಿ ಒಂದೊಂದೇ ಪದ ಕೇಳುತ್ತ ಹೋದಳು: ನೀರೇ, ಗಾಳಿಯೇ, ಸೋಸಬೇಕೇ, ಬೇರೆ ಭರಣಿಗೆ ಹಾಕಬೇಕೇ? ಅವನ ಕೈ ಗಾಳಿಯಲ್ಲಿ ಏನನ್ನೋ ಹಿಡಿದು ತಿರುಗಿಸಿದಂತೆ ಮಾಡಿತು. ಮುಖ ಕೆಂಪಾಯಿತು. ಗಿರಿಜವ್ವ ಒಂದು ಬಟ್ಟಲಲ್ಲಿ ರಸ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಎಳೆದುಕೊಂಡ. ಮತ್ತೆ "ಗಾ..." ಎಂದ, ಈ ಸಲ ಮೆಲ್ಲಗೆ. ಆಮೇಲೆ ಕೈ ಕೆಳಗೆ ಬಿತ್ತು. ಕಣ್ಣು ಮುಚ್ಚಿದ. ಮೂವರೂ ಮಂಚದ ಸುತ್ತ ನಿಂತಿದ್ದರು. ಭರಣಿ ತನ್ನ ಪಾಡಿಗೆ ತಾನು ಮಾತಾಡುತ್ತಲೇ ಇತ್ತು.

ಸಿಪ್ಪೆ ಒತ್ತುವುದನ್ನೂ ಸೋಸುವುದನ್ನೂ ಎಸ್ಪೆರಾನ್ಸಳಿಗೆ ಒಪ್ಪಿಸಿ ಅವರು ಮರುದಿನ ಹೊರಡಬೇಕಾಯಿತು. ಊರಲ್ಲಿ ಕೊಯ್ಲು ಅರ್ಧಕ್ಕೆ ನಿಂತಿತ್ತು.

ಜೂನಿನಲ್ಲಿ ಎಸ್ಪೆರಾನ್ಸ ಬರೆಸಿದ ಕಾರ್ಡು ಬಂತು. ಪಾಸ್ಕು ಹೋದ. ಮಳೆ ಹಿಡಿದ ದಿನವೇ. ಡಿಸೆಂಬರಿನಲ್ಲಿ ಶ್ರೀಪಾಲ ಗೋವೆಗೆ ಹೋಗಿದ್ದವನು ಒಂದು ಬಾಟಲಿ ತಂದುಕೊಟ್ಟ. "ಆ ಬಾಯಿ ಕೊಟ್ಟಳ್ರಿ ವೈನಿ. ಊರ ಮಂದಿ ಭಾಳ ಚೊಲೊ ಆಗೇತಿ ಅಂದ್ರಂತ."

ಪಡದಲ್ಲಿ, ಬಾವಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಬಾಟಲಿ ತೆರೆದರು. ವಿರುಪಾಕ್ಷಪ್ಪ ಮುಚ್ಚಳದಲ್ಲಿ ಎರಡು ಹನಿ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿದ. "ಚೊಲೊ ಐತೆಲ್ಲ" ಎಂದು ಅವಳ ಮುಖ ನೋಡಿದ. ಗಿರಿಜವ್ವ ಮೂಸಿದಳು, ಕುಡಿದಳು, ಮತ್ತೆ ಮೂಸಿದಳು. ಹೊಲ ಇತ್ತು, ಕಡಲೂ ಇತ್ತು. ಆದರೆ ಅವೆರಡರ ನಡುವೆ ಒಂದು ಬಿರುಕು, ಒಂದು ಸಣ್ಣ ಕಹಿ. ಮೂರನೆಯ ದಿನ ಅದು ಏನನ್ನೋ ಬೇಡಿತ್ತು. ಅದು ಸಿಕ್ಕಿರಲಿಲ್ಲ. ಏನೆಂದು ತಿಳಿದವನಿಗೆ ಹೇಳಲಾಗಲಿಲ್ಲ, ಕೇಳಿದವಳಿಗೆ ತಿಳಿಯಲಿಲ್ಲ.

"ಏನಾತು?" ಎಂದ ಗಂಡ.

"ಏನಿಲ್ರಿ" ಎಂದಳು.

ತೊಂಬತ್ಮೂರರಲ್ಲಿ ಎಸ್ಪೆರಾನ್ಸ ಮನೆ ಮಾರಿ ಪಣಜಿಯ ಕ್ರೈಸ್ತ ಸನ್ಯಾಸಿನಿಯರ ಮಠವೊಂದಕ್ಕೆ ಸೇರಿದಳೆಂದೂ, ಊರಿನ ಉಳಿದವರೂ ಭರಣಿ ಇಡುವುದನ್ನು ಬಿಟ್ಟರೆಂದೂ ತಿಳಿಯಿತು. ಆ ವರ್ಷದ ಕರಿ ದ್ರಾಕ್ಷಿಯನ್ನು ಗಿಳಿಗಳು ತಿಂದವು. ಮರುವರ್ಷ ಹಳೆಯ ಚಪ್ಪರ ಕೆಡವಿ ಹೊಸ ತಂತಿ ಎಳೆಯುವಾಗ, ಆಳು ಮಲಕಾರಿ ಸಲಿಕೆ ಹಿಡಿದು ಬಾವಿಯ ಪಕ್ಕಕ್ಕೆ ಬಂದು, "ಅವ್ವಾರ, ಇವನ್ನೂ ತೆಗೀಲ್ಯಾ?" ಎಂದು ಕೇಳಿದ. ವಿರುಪಾಕ್ಷಪ್ಪ ದ್ರಾಕ್ಷಿ ಸಸಿಗಳ ಕಟ್ಟು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. ಬೇಡ ಎಂದಿದ್ದರೆ ಅವನು ಬಿಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಬಿಟ್ಟು ಯಾರಿಗೆ ಒಯ್ದು ಕೊಡುವುದು ಎನ್ನುವುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

"ತಗೀ" ಎಂದಳು ಗಿರಿಜವ್ವ. ಆಳುಗಳಿಗೆ ಚಹಾ ಮಾಡಬೇಕಿತ್ತು. ಮನೆಯ ಕಡೆ ನಡೆದಳು.